ಡ್ರೈವರ್ ಸೀಟಿನಲ್ಲಿ ಜೋಳದ ಚೀಲ

ಅಕ್ಕಾ,

ಜೋಳದ ಚೀಲ ಬಾಗಿಲ ಹಿಂದೆ ಇಟ್ಟಿದ್ದೇನೆ. ಕೆಳಗಿನ ಮನೆಯವರ ಮೇಲೆ ಸಂಶಯಪಡಬೇಡ, ಮಂಗಳವಾರ ನಾನೇ ಗ್ಯಾರೇಜಿಗೆ ಒಯ್ದಿದ್ದೆ. ಚೀಲಕ್ಕೆ ಗ್ರೀಸ್ ಹತ್ತಿದೆ, ಕಾಳಿಗೆ ಹತ್ತಿಲ್ಲ. ಆದರೂ ಗಿರಣಿಗೆ ಕಳಿಸುವ ಮೊದಲು ಒಮ್ಮೆ ನೋಡು.

ಎರಡು ದಿನ ಯಾಕೆ ಸರಿಯಾಗಿ ಉಣ್ಣಲಿಲ್ಲ ಎಂದು ಕೇಳಿದೆಯಲ್ಲ. ನಮ್ಮ ಗ್ಯಾರೇಜಿನ ಗಿರಾಕಿ ಇನಾಮದಾರರ ಸ್ಪೋರ್ಟ್ಸ್ ಕಾರಿಗೆ ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿದ್ದೆ. ಅವರು ಮಗಳನ್ನು ಕೂರಿಸಿಕೊಂಡು ಮಹಾಬಳೇಶ್ವರಕ್ಕೆ ಹೋದ ಮೇಲೆ ನನಗೆ ಸಂಶಯ ಹೊಕ್ಕಿತು. ಕೆಳಗಿನ ಬೋಲ್ಟುಗಳನ್ನು ಕೊನೆಗೆ ಬಿಗಿಯುವಾಗ ಗಾಲಿ ನೆಲದ ಮೇಲಿರಬೇಕು, ಸೀಟಿನಲ್ಲಿ ಭಾರವೂ ಇರಬೇಕು. ಜ್ಯಾಕ್ ಮೇಲೆಯೇ ಬಿಗಿದರೆ ಒಳಗಿನ ರಬ್ಬರ್ ತಿರುಚಿ ಹರಿಯುತ್ತದೆ, ತಿರುವಿನಲ್ಲಿ ಕಾರು ಹಿಡಿತ ತಪ್ಪಬಹುದು. ಸಂಜೆ ಕ್ಲಾಸಿನಲ್ಲಿ ಇದನ್ನು ಎರಡು ಸಲ ಬರೆದುಕೊಂಡಿದ್ದೆ. ಆದರೂ ನಾನು ಹೇಗೆ ಬಿಗಿದೆ ಎಂಬುದು ನೆನಪಿಗೇ ಬರಲಿಲ್ಲ.

ನಿನ್ನೆ ನೀನು "ಜೋಳಕ್ಕೇನು ಕಾಲು ಬಂದು ನಡಕೋತ ಹೋತೇನೋ?" ಎಂದು ಬೈದಾಗ ಎಲ್ಲ ಹೊಳೆಯಿತು. ಡ್ರೈವರನ ಭಾರಕ್ಕೆಂದು ಆ ಚೀಲವನ್ನು ಸೀಟಿನಲ್ಲಿ ಕೂರಿಸಿದ ಮೇಲೆಯೇ ಬಿಗಿದಿದ್ದೆ. ಇವತ್ತು ಬೆಳಿಗ್ಗೆ ಕಾರು ಬಂತು. ಕೆಳಗೆ ತೂರಿ ಮೂರು ಸಲ ನೋಡಿದೆ. ರಬ್ಬರ್ ಎಲ್ಲ ನೆಟ್ಟಗಿದೆ.

ಡಬ್ಬಿಯಲ್ಲಿದ್ದ ರೊಟ್ಟಿ ನಾನು ಮುಗಿಸಿದೆ, ನಿನಗೆ ಬೇರೆ ಮಾಡಿಕೊ.

ಘಾಟಿನ ತಿರುವುಗಳಲ್ಲಿ ಕಾರು ಒಮ್ಮೆಯೂ ವಾಲಲಿಲ್ಲವಂತೆ. "ಯಾರು ಮಾಡ್ಯಾರಪ್ಪಾ ಈ ಕೆಲಸ?" ಎಂದು ಇನಾಮದಾರರು ಕೇಳಿದರು. ಮೊದಲೆಲ್ಲ ಇಂಥ ಹೊತ್ತಿನಲ್ಲಿ ನಾನು ಮಾಡಿದ ಕೆಲಸದ ಹೆಸರನ್ನೂ ಹೆಡ್ ಮಿಸ್ತ್ರಿ ಅಪ್ಪಾಸಾಹೇಬರಿಗೇ ಬಿಡುತ್ತಿದ್ದೆ. ಇವತ್ತು "ನಾನಽ ಮಾಡೀನ್ರಿ" ಎಂದೆ.

ಶಾಂತವೀರ