ಆನೆಗೆ ಹೊಡೆಯುವ ಮದ್ದು

ಅರಸೀಕೆರೆ
೧೧ ಜುಲೈ ೨೦೨೫, ಶುಕ್ರವಾರ

ಚಿ. ಸೌ. ಸಿರಿಗೆ,

ನಿನ್ನ ಅತ್ತೆ ಗುರುಸಿದ್ದಮ್ಮ ತಲೆ ಸವರಿ ಬರೆಯುವ ಕಾಗದ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಆದ್ದರಿಂದ ಸಾಕಾಗಿದೆ ಎಂದೇ ಬರೆಯುತ್ತೇನೆ. ನಿನ್ನ ತಾಯಿ ಬಸಮ್ಮನವರ ಮಂಡಿ ಹೇಗಿದೆ? ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುತ್ತಾರಾ? ಬೀಗಿತ್ತಿಯವರನ್ನು ಕೇಳಿದೆ ಎಂದು ಹೇಳು.

ಯುಗಾದಿಯಲ್ಲಿ ನೀನು ಕಳಿಸಿದ ನಾಲ್ಕು ಸಾಲಿಗೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹಾಸನಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ಬಗ್ಗಬಾರದು, ಓದಬಾರದು, ಬರೆಯಬಾರದು, ಒಲೆ ಮುಂದೆ ನಿಲ್ಲಬಾರದು ಎಂದರು. ಮಾಡಬಹುದಾದದ್ದು ಒಂದೇ, ಕಪ್ಪು ಕನ್ನಡಕ ಹಾಕಿಕೊಂಡು ಕೂತು ಬಂದವರಿಗೆಲ್ಲ ಉತ್ತರ ಕೊಡುವುದು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಚೆನ್ನಾಗಿದ್ದೀನಿ ಎಂದು ಹೇಳಿ, ಕ್ಲಾಸಿಗೆ ಹೊತ್ತಾಯಿತು ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಎದ್ದು ಹೋಗುವ ಹಾಗಿಲ್ಲ.

ಬಂದವರು ನನ್ನ ಕಣ್ಣನ್ನು ಒಂದು ಮಾತು ಕೇಳುತ್ತಾರೆ, ಆಮೇಲೆ ನಿನ್ನನ್ನು ಕೇಳುತ್ತಾರೆ. ಸೊಸೆ ಎಲ್ಲಿ, ಇನ್ನೂ ಬರಲಿಲ್ಲವಾ ಎಂದು. ಅವರಮ್ಮನ ಮಂಡಿ ಆಪರೇಷನ್ನು, ಬೇಲೂರಿನಿಂದ ಹಳೇಬೀಡಿನ ಕಾಲೇಜೂ ಹತ್ತಿರ ಎನ್ನುತ್ತೇನೆ. ಹೊಸ ಸೊಸೆಯಾಗಿದ್ದರೆ ಆಷಾಢಕ್ಕೆ ತವರಿಗೆ ಹೋಗಿದ್ದಾಳೆ ಎಂದರೆ ಮುಗಿಯುತ್ತಿತ್ತು. ನೀನೋ ಹಳೇ ಸೊಸೆ, ಸಂಕ್ರಾಂತಿ ಎಳ್ಳು ಬೀರಿ ಹೋದವಳು, ಶಿವರಾತ್ರಿಗೆ ಬರುತ್ತೇನೆ ಎಂದವಳು. ಮಂಡಿಯ ಮಾತು ಆಡಿ ಆಡಿ ನನಗೇ ಮಂಡಿ ನೋವು ಬಂದಿದೆ.

ನಿನ್ನ ಮಾವನ ತಂಗಿ ಮೀನಾಕ್ಷಿ ದಿನಾ ಬಂದು ನನ್ನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾಳೆ. ಮೇಷ್ಟ್ರಾಗಿ ರಿಟೈರಾದರೂ ಅವಳ ಕೈಯಲ್ಲಿ ಇನ್ನೂ ಬೆತ್ತ ಇದೆ ಕಣೇ, ನಮಗೆ ಕಾಣುವುದಿಲ್ಲ ಅಷ್ಟೆ. ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ಎಂದರೆ ಮುಚ್ಚಬೇಕು. ದೃಷ್ಟಿ ಪೂರ್ತಿ ಮರಳಿದ ಮೇಲೆ ಅವಳಿಗೆ ನನ್ನ ಟಿ.ವಿ. ಹುಚ್ಚಿನ ವಿಷಯ ಹೇಳಿದೆ. ನನಗೆ ಜನರನ್ನು ಕೂಡಿಹಾಕಿ ಪಂದ್ಯ ಆಡಿಸುವ ಧಾರಾವಾಹಿಗಳು ಇಷ್ಟ, ಸಿರಿ ಕೊರಿಯಾದ್ದು ತೋರಿಸುತ್ತಿದ್ದಳು, ಕೆಳಗೆ ಬರುವ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಓದಿ ಹೇಳುತ್ತಿದ್ದಳು ಎಂದೆ. ಅದಕ್ಕೇನು, ನಾನೂ ಓದಿ ಹೇಳ್ತೀನಿ ಎಂದು ಅವಳು ಜಪಾನಿನದೊಂದು ಹಾಕಿದಳು.

ಅದರಲ್ಲಿ ಒಂದು ರೈಲು. ಎಲ್ಲಿಯೂ ನಿಲ್ಲದೆ ಓಡುತ್ತಿರುತ್ತದೆ. ಒಂದೊಂದು ಬೋಗಿಯಲ್ಲಿ ಒಂದೊಂದು ಒಗಟು. ಬಿಡಿಸಿದವರು ಮುಂದಿನ ಬೋಗಿಗೆ ಹೋಗಬಹುದು, ಬಿಡಿಸದವರ ಬೋಗಿಯನ್ನು ಸುರಂಗದೊಳಗೆ ಕಳಚಿಬಿಡುತ್ತಾರೆ. ಕಳಚಿದರೆ ಏನಾಯಿತು, ಬೇರೆ ಗಾಡಿಗೆ ಸೇರಿಸುತ್ತಾರೆ ಎಂದುಕೊಂಡೆ. ಹುಟ್ಟಿದಾಗಿನಿಂದ ಜಂಕ್ಷನ್ನಿನ ಶಂಟಿಂಗ್ ಸದ್ದು ಕೇಳಿದವಳಿಗೆ ಬೇರೇನು ಹೊಳೆಯುತ್ತದೆ? ಅಷ್ಟರಲ್ಲಿ ಮೀನಾಕ್ಷಿ ಹಾಜರಿ ಕೂಗುವ ದನಿಯಲ್ಲಿ ಓದಿದಳು, "ಇವನು ಸತ್ತ. ಇವಳೂ ಸತ್ಲು. ಅಕೋ, ಆ ಕನ್ನಡಕದವನೂ ಹೋದ."

ನನಗೆ ಆ ಜಪಾನಿನವರು ಹಿಡಿಸಲಿಲ್ಲ. ಬುದ್ಧಿವಂತರು, ಒಪ್ಪುತ್ತೇನೆ. ನಾನು ಒಗಟನ್ನು ಅರ್ಥ ಮಾಡಿಕೊಳ್ಳುವುದರೊಳಗೆ ಅವರು ಬಿಡಿಸಿ ಮುಗಿಸಿರುತ್ತಾರೆ. ಆದರೆ ಜೊತೆಯವರನ್ನು ಬಿಟ್ಟು ಹೋಗುವ ಮುಂಚೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾರೆ, ಆಮೇಲೆ ತಿರುಗಿ ನೋಡುವುದಿಲ್ಲ. ಅದೇ ಕೊರಿಯಾದವರಾದರೆ ನಮ್ಮವರ ಹಾಗೆ. ಊಟಕ್ಕೆ ಕೂತರೆ ಪಕ್ಕದವರ ತಟ್ಟೆಗೆ ಬಡಿಸುತ್ತಾರೆ, ಜಗಳವಾಡಿದರೆ ಬೀದಿಗೆ ಕೇಳುತ್ತದೆ, ಅತ್ತರೆ ಮೂಗು ಸುರಿಯುತ್ತದೆ. ಇದನ್ನೆಲ್ಲ ಹೇಳಿ, ಏನೇ ಆಗಲಿ ಕೊರಿಯಾದವರು ದೊಡ್ಡ ಮನಸ್ಸಿನವರು ಮೀನಾಕ್ಷಿ, ಸೋತವರನ್ನು ಕೊಲ್ಲುವುದಿಲ್ಲ, ಮಂಪರು ಬರಿಸಿ ಊರಿಗೆ ಕಳಿಸುತ್ತಾರೆ ಎಂದೆ.

ಅವಳು ಡ್ರಾಪ್ಸ್ ಬಾಟಲಿಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ನನ್ನ ಮುಖ ನೋಡಿದಳು.

"ಅತ್ತಿಗೆ, ಅಂಗಂತ ನಿಮಗೆ ಯಾರು ಹೇಳಿದ್ದು?"

ಸಿರಿ ಹೇಳಿದ್ದು ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿನಗೆ ನೆನಪಿದೆಯಲ್ಲ? ನಿನ್ನ ಮಾವ ಷಡಕ್ಷರಪ್ಪನವರು ಲಿಂಗೈಕ್ಯರಾಗಿ ಮಠದವರು, ನೆಂಟರು ಎಲ್ಲ ಬಂದು ಹೋದ ಮೇಲೆ ಮನೆ ಭಣಭಣ ಎನ್ನುತ್ತಿತ್ತು. ನನಗೆ ಅನ್ನ ಇಳಿಯುತ್ತಿರಲಿಲ್ಲ. ರೇಡಿಯೋದಲ್ಲಿ ಯಾರೋ ತೀರಿಕೊಂಡರು ಎಂದರೂ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ನೀನು ಕಾಲೇಜಿನಿಂದ ಬಂದು, ಕಾಫಿ ಕೊಟ್ಟು, ಬನ್ನಿ ಅತ್ತೆ ಏನಾದರೂ ನೋಡೋಣ ಎಂದು ಕೂರಿಸಿದೆ. ಸಮುದ್ರದ ನಡುವೆ ಉಪ್ಪಿನ ಗದ್ದೆ, ಬೂದು ಬಣ್ಣದ ರೇನ್‌ಕೋಟು ಹಾಕಿದ ಜನ, ಗಂಟೆ ಬಾರಿಸಿದರೆ ಓಡಬೇಕು. ಹಿಂದೆ ಬಿದ್ದವನಿಗೆ ಉದ್ದ ಬಂದೂಕಿನಿಂದ ಸೂಜಿಯಂಥದ್ದು ಹೊಡೆದರು, ಅವನು ಬಿದ್ದ. ನಾನು ಅಯ್ಯೋ ಎಂದು ಎದ್ದೆ. ನೀನು ನನ್ನ ಸೆರಗು ಹಿಡಿದು ಕೂರಿಸಿದೆ.

"ಅದು ಅರಿವಳಿಕೆ ಕಣತ್ತೆ. ನಮ್ಮ ಬೇಲೂರು ಕಡೆ ಆನೆಗೆ ಹೊಡೀತಾರಲ್ಲ, ಅದೇ ಮದ್ದು. ಒಸಿ ಹೊತ್ತು ಮಲಗಿ ಏಳ್ತಾರೆ."

ನಾನು ನಂಬಿದೆ. ಯಾಕೆ ನಂಬಬಾರದು? ಕಾಫಿ ತೋಟಕ್ಕೆ ನುಗ್ಗಿದ ಸಲಗಕ್ಕೆ ಸೂಜಿ ಹೊಡೆದು, ಅದು ಮೆಲ್ಲಗೆ ಕಾಲು ಮಡಿಸಿ ಬಿದ್ದದ್ದನ್ನು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿಲ್ಲ. ಲಾರಿಗೆ ಹತ್ತಿಸಿ ಬೇರೆ ಕಾಡಿಗೆ ಬಿಡುತ್ತಾರೆ, ಅದು ಎದ್ದು ಕಿವಿ ಬೀಸಿಕೊಂಡು ಹೋಗುತ್ತದೆ. ಇಲ್ಲಿ ಬಿದ್ದವರನ್ನು ಸಾಗಿಸಲು ಲಾರಿಯ ಬದಲು ದೋಣಿ. ಪೊರೆ ಬಂದ ಕಣ್ಣಿಗೆ ರಕ್ತವೂ ಒಂದೇ, ಕೆಸರೂ ಒಂದೇ. ದೋಣಿ ಎಲ್ಲಿಗೆ ಹೋಗುತ್ತದೆ ಎಂದು ಪ್ರತಿ ಸಲ ಕೇಳುತ್ತಿದ್ದೆ, ಪ್ರತಿ ಸಲವೂ ನೀನು ಅವರವರ ಊರಿಗೆ ಎನ್ನುತ್ತಿದ್ದೆ.

ಆ ಮುದುಕಿ ನೆನಪಿದ್ದಾಳಾ? ತನ್ನ ರೇನ್‌ಕೋಟನ್ನು ನಡುಗುತ್ತಿದ್ದ ಹುಡುಗಿಗೆ ಹೊದಿಸಿ, ತಾನು ಹಿಂದೆ ಉಳಿದವಳು. ಅವಳು ಬಿದ್ದಾಗ ನಾನು ಬಿಕ್ಕಿದ್ದಕ್ಕೆ ನೀನು ಮಾರನೇ ದಿನ, ಅತ್ತೆ, ಅಜ್ಜಿ ಊರು ಸೇರಿತಂತೆ, ಮೊಮ್ಮಗನ ಜೊತೆ ಗೆಣಸು ಸುಲಿಯುತ್ತಾ ಕೂತಿದೆಯಂತೆ, ಈಗ ತಾನೇ ಒಬ್ಬ ಹೇಳಿದ ಎಂದು ಓದಿದೆ. ನಾನು ಅವತ್ತು ಎರಡು ಮುದ್ದೆ ಉಂಡೆ. ಕಡೆಯ ಕಂತನ್ನು ಶಿವರಾತ್ರಿ ಜಾಗರಣೆಗೆ ಇಟ್ಟುಕೊಳ್ಳೋಣ, ನಿದ್ದೆ ಬರುವುದಿಲ್ಲ ಎಂದವಳೂ ನೀನೇ. ದೇವರ ಹೆಸರಿನ ಜಾಗರಣೆಗೆ ಕೊರಿಯಾ ಏನೇ ಎಂದು ನಾನು ಬೈದಿದ್ದೆ. ಬಾಯಲ್ಲಿ ಬೈದೆನೇ ಹೊರತು ಮನಸ್ಸಿನಲ್ಲಿ ಕಾಯುತ್ತಿದ್ದೆ.

ಮೀನಾಕ್ಷಿ ಬಿಡಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೇಬಿಡೋಣ ಅತ್ತಿಗೆ ಎಂದು ಕೊರಿಯಾದ್ದನ್ನು ಮೊದಲಿನಿಂದ ಹಾಕಿದಳು. ಈಗ ನನಗೆ ಕಣ್ಣು ಕಾಣುತ್ತದಲ್ಲ. ಮೊದಲನೆಯವನು ಬಿದ್ದಾಗಲೇ ಗೊತ್ತಾಯಿತು. ಮೀನಾಕ್ಷಿ ಓದುವುದೇ ಬೇಕಾಗಿರಲಿಲ್ಲ. ಆದರೂ ಮುದುಕಿಯವರೆಗೆ ಕೂತೆ. ದೋಣಿ ಯಾವ ಊರಿಗೂ ಹೋಗಲಿಲ್ಲ. ಸ್ವಲ್ಪ ದೂರ ಹೋಗಿ ನಿಂತಿತು, ಇಬ್ಬರು ಅವಳ ಕೈಕಾಲು ಹಿಡಿದು ನೀರಿಗೆ ಬಿಟ್ಟರು. ಗೆಣಸು ಎಲ್ಲಿಯೂ ಇರಲಿಲ್ಲ.

ಮೀನಾಕ್ಷಿಗೆ ಮಧ್ಯದಲ್ಲಿ ಕನಿಕರ ಬಂತು ಅಂತ ಕಾಣುತ್ತದೆ, ಸಾಕು ಅತ್ತಿಗೆ, ಡ್ರಾಪ್ಸ್ ಹಾಕಿದ ಕಣ್ಣು, ಅಳಬಾರದು ಎಂದಳು. ನಾನು ಮುದುಕಿಗಾಗಿ ಅಳಲಿಲ್ಲ ಕಣೇ. ದಿನವಿಡೀ ಪಾಠ ಹೇಳಿ, ಹಳೇಬೀಡಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ಹುಡುಗಿ, ಇವಳು ಸಂಜೆ ಕೂತು ಸತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನನಗೋಸ್ಕರ ಬದುಕಿಸುತ್ತಿದ್ದಳಲ್ಲ, ಎಷ್ಟು ದಣಿದಿರಬೇಕು ಎಂದು ಅತ್ತೆ. ನಾನು ಹೆತ್ತ ಮಗನೂ ನನಗಾಗಿ ಅಷ್ಟು ಶ್ರಮ ಪಟ್ಟಿಲ್ಲ. ನಿನ್ನ ಮೇಲೆ ಆ ಹೊತ್ತಿನಲ್ಲಿ ಬಂದ ಪ್ರೀತಿಯನ್ನು ಹೇಗೆ ಬರೆಯಬೇಕೋ ತಿಳಿಯುವುದಿಲ್ಲ, ಪ್ರೀತಿ ಎಂದೇ ಬರೆದಿದ್ದೇನೆ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಕೊಲ್ಲುವುದರಲ್ಲಿ ಕೊರಿಯಾ, ಜಪಾನು ಎರಡೂ ಒಂದೇ. ಅವರು ಅತ್ತು ಕಳಿಸುತ್ತಾರೆ, ಇವರು ನಮಸ್ಕಾರ ಮಾಡಿ ಕಳಿಸುತ್ತಾರೆ. ನಮ್ಮ ಮನೆಯವರು ಬಾಯಿ ಮುಚ್ಚಿಕೊಂಡು ಕಳಿಸುತ್ತಾರೆ. ನಿನ್ನ ಗಂಡ ಇಂದ್ರೇಶನ ವಿಷಯ ಹೇಳುತ್ತಿದ್ದೇನೆ. ಬೆಳಗ್ಗೆ ಎದ್ದರೆ ಕೊಬ್ಬರಿ ಮಂಡಿ, ಸಂಜೆ ಬಂದರೆ ಫೋನು. ನಿನ್ನ ಜೊತೆ ಮಾತು ನಿಲ್ಲಿಸಿದ ಹಾಗೆ ಈಗ ನನ್ನ ಜೊತೆಗೂ ನಿಲ್ಲಿಸಿದ್ದಾನೆ. ನಿಮ್ಮಿಬ್ಬರ ನಡುವೆ ಏನಾಗಿದೆ ಎಂದು ಕೇಳಿದಾಗಲೆಲ್ಲ ಏನೂ ಇಲ್ಲಮ್ಮ ಎನ್ನುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಇಂದ್ರೇಶನಿಗೆ ಈ ಮುದುಕಿಯ ಕಥೆ ಪೂರ್ತಿ ಹೇಳಿದೆ. ನಕ್ಕುಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಮಜ್ಜಿಗೆಗೂ ಕಾಯದೆ ಕೈ ತೊಳೆದುಕೊಂಡು ಎದ್ದ.

ಮತ್ತೆ ಊರಿನ ಸುದ್ದಿ. ತೆಂಗಿಗೆ ಬಿಳಿ ನೊಣ ಬಿದ್ದು ಗರಿಯೆಲ್ಲ ಕರ್ರಗಾಗಿದೆ. ನೀನು ನೆಟ್ಟ ಕರಿಬೇವು ನನ್ನೆತ್ತರ ಬಂದಿದೆ, ಬೀದಿಯವರೆಲ್ಲ ಬಂದು ಕೇಳದೆ ಕಿತ್ತುಕೊಂಡು ಹೋಗುತ್ತಾರೆ. ಮಂಡಿಯ ಲಕ್ಕಪ್ಪ ಹಗರೆಗೆ ಕಾಯಿ ನೋಡಲು ಹೋಗಿದ್ದವನು ನಿನ್ನನ್ನು ಬಸ್‌ಸ್ಟಾಪಿನಲ್ಲಿ ಕಂಡನಂತೆ. "ಸಿರಮ್ಮಾರು ಒಸಿ ಸಣ್ಣಗಾಗವ್ರೆ ಕಣಮ್ಮಾರೆ, ಆದ್ರೆ ಯಾರ್ ಜೊತೆಗೋ ನಗ್ತಾ ಮಾತಾಡ್ತಿದ್ರು" ಎಂದ. ಸಣ್ಣಗಾಗಿದ್ದಕ್ಕೆ ಬೇಸರ ಪಡಲೋ, ನಗುತ್ತಿದ್ದದ್ದಕ್ಕೆ ಸಂತೋಷ ಪಡಲೋ ಗೊತ್ತಾಗದೆ ಅವನಿಗೆ ಒಂದು ಲೋಟ ಕಾಫಿ ಕೊಟ್ಟೆ.

ಹೊತ್ತು ಹೊತ್ತಿಗೆ ಉಣ್ಣು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿಗೆ ತಲೆ ಒಡ್ಡಬೇಡ, ನಿನಗೆ ಶೀತ ಆಗಿಬರುವುದಿಲ್ಲ. ನೀನು ಎಲ್ಲಿದ್ದರೂ ನಿನ್ನ ಹಣೆಯ ವಿಭೂತಿ ತಣ್ಣಗಿರಲಿ, ನೀನು ನಗುವುದಕ್ಕೆ ಯಾರ ಅಪ್ಪಣೆಯೂ ಬೇಡದಿರಲಿ ಎಂದು ಹರಸುವ,

ನಿನ್ನ ಅತ್ತೆ
ಗುರುಸಿದ್ದಮ್ಮ

ಮರೆತ ಮಾತು: ಮರೆತಿರಲಿಲ್ಲ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನೆ ಕೈ ತೊಳೆದುಕೊಂಡು ಹೋದ ಇಂದ್ರೇಶ ಇವತ್ತು ಬೆಳಗ್ಗೆ ಮಂಡಿಗೆ ಹೊರಟವನು ಹೊಸ್ತಿಲಲ್ಲಿ ನಿಂತು ಹೇಳಿದ. ನೀವಿಬ್ಬರೂ ಬೇರೆಯಾಗುವುದಕ್ಕೆ ಒಪ್ಪಿ ಕೋರ್ಟಿನಲ್ಲಿ ಸಹಿ ಹಾಕಿದ್ದು ಸಂಕ್ರಾಂತಿಗೂ ಮುಂಚೆಯೇ ಅಂತೆ. ಬರುವ ತಿಂಗಳು ಕೋರ್ಟಿನಲ್ಲಿ ಕಡೆಯ ವಿಚಾರಣೆಯಂತೆ. ಅತ್ತೆಗೆ ನಾನೇ ಹೇಳ್ತೀನಿ, ನೀವು ಸುಮ್ಮನಿರಿ ಎಂದು ನೀನು ಅವನಿಗೆ ಅಂದಿದ್ದೆಯಂತೆ. ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಾಲಿಗೆ ಬಿದ್ದು "ಶಿವರಾತ್ರಿಗೆ ಬತ್ತೀನಿ ಕಣತ್ತೆ" ಎಂದದ್ದು ಆನೆಯ ಮದ್ದು. ನಾನು ಇಷ್ಟು ದಿನ ಮಲಗಿದ್ದೆ.

ಕೋಪವಿಲ್ಲ ಎಂದು ಬರೆಯಲು ಹೋಗಿ ಹೊಡೆದು ಹಾಕಿದ್ದೇನೆ, ಇದೆ. ಮೇಲೆ ಸೌ. ಎಂದು ಬರೆದದ್ದನ್ನು ಹೊಡೆದಿಲ್ಲ, ಅದು ಕೋರ್ಟು ಕೊಟ್ಟದ್ದಲ್ಲ. ತಿರುಗಿ ಈ ಮನೆಗೆ ಬಾ ಎಂದು ಕೇಳುವುದಿಲ್ಲ. ಇಲ್ಲಿ ನಿನ್ನ ಜೊತೆ ಮಾತಾಡುತ್ತಿದ್ದವಳು ನಾನೊಬ್ಬಳೇ, ಅದಕ್ಕಾಗಿ ಒಬ್ಬ ಗಂಡನ ಜೊತೆ ಯಾರೂ ಬಾಳುವುದಿಲ್ಲ ಎಂದು ನನಗೂ ಗೊತ್ತು. ಆದರೆ ಕೊರಿಯಾದ ಕಡೆಯ ಕಂತು ಹಾಗೇ ಇದೆ. ಮೀನಾಕ್ಷಿ ಹಾಕಲು ಬಂದಳು, ನಾನು ಬಿಡಲಿಲ್ಲ. ಒಂದು ಭಾನುವಾರ ಬಂದು ಓದಿ ಹೇಳಿ ಹೋಗು. ನನ್ನ ಕಣ್ಣು ಈಗ ಚೆನ್ನಾಗಿ ಕಾಣುತ್ತದೆ ಸಿರಿ. ಸತ್ತವರನ್ನು ಸತ್ತರು ಎಂದೇ ಓದು. ಹೊರಡುವಾಗ ನನಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋಗು.