ಹೇಳದೆ ಕೇಳದೆ ಮಗ್ಗುಲು ಬದಲಿಸಿದ ಎಕ್ಸ್

ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಕೈಪಿಡಿ ಬರೆಸುವ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕೈಪಿಡಿ ನನ್ನ ಕೈ ಹಿಡಿಯಲಿಲ್ಲ, ಕೈ ಕೊಟ್ಟಿತು. ಒಂದನೇ ಅಧ್ಯಾಯದಲ್ಲಿ ಎಕ್ಸ್ ಎಂಬ ಮಾತೃಕೆಯ, ಅಂದರೆ ಅಂಕಿಗಳ ಪಟ್ಟಿಯ, ಒಂದೊಂದು ಅಡ್ಡಸಾಲೂ ಒಂದೊಂದು ಮಾದರಿ ಎನ್ನುತ್ತೀರಿ. ಏಳನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಎಕ್ಸ್ ಸದ್ದಿಲ್ಲದೆ ಮಗ್ಗುಲು ಬದಲಿಸಿ, ಮಾದರಿಗಳೆಲ್ಲ ಉದ್ದುದ್ದದ ಕಂಬಸಾಲಿಗೆ ಹೋಗಿರುತ್ತವೆ. ಅದರ ತಲೆಯ ಮೇಲಿನ ಪುಟ್ಟ ಗೀರು ಒಂದು ಕಡೆ ‘ಮಾತೃಕೆಯನ್ನು ತಿರುಗಿಸು’ ಎನ್ನುತ್ತದೆ, ಇನ್ನೊಂದು ಕಡೆ ‘ಇದು ಹೊಸ ದತ್ತಾಂಶ’ ಎನ್ನುತ್ತದೆ. ಇದನ್ನು ಓದುವವರು ಸಂಖ್ಯಾಶಾಸ್ತ್ರ ಕಲಿತಿರಬೇಕೋ, ಪರಕಾಯ ಪ್ರವೇಶ ಕಲಿತಿರಬೇಕೋ?

ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಈ ವಿಷಯ ಪಾಠ ಮಾಡುವವನು. ಅಂತಿಮ ವರ್ಷದ ಮಾನಸ ತನ್ನ ಪ್ರಾಜೆಕ್ಟಿಗಾಗಿ ಹಂಗಳದ ಸುತ್ತಿನ ಹನ್ನೆರಡು ಚೆಂಡುಹೂವಿನ ತೋಟಗಳನ್ನು ಅಲೆದು ನೀರು, ಗೊಬ್ಬರ, ಗಿಡಗಳ ಅಂತರ, ಹೂವಿನ ತೂಕ ಎಲ್ಲವನ್ನೂ ಬರೆದು ತಂದಳು. ಅವರೂರಲ್ಲಿ ಹೂ ತೂಗಿಸಿಕೊಳ್ಳುವವರ ಪುಸ್ತಕದಲ್ಲಿ ತೋಟದವರ ಹೆಸರು ಮೇಲೆ ಅಡ್ಡಕ್ಕೆ, ಅವರವರ ವಿವರ ಕೆಳಕ್ಕೆ. ಅವಳೂ ಹಾಗೇ ತೋಟಕ್ಕೊಂದು ಕಂಬಸಾಲು ಮಾಡಿದ್ದಳು.

ನಾನು ಇಡೀ ತರಗತಿಯ ಎದುರು ನಕ್ಕೆ. “ಅಡ್ಡ ಯಾವುದು ಉದ್ದ ಯಾವುದು ಗೊತ್ತಿಲ್ಲದೆ ಕೊನೇ ವರ್ಷಕ್ಕೆ ಬಂದುಬಿಟ್ಟೆಯಲ್ಲಮ್ಮಾ!”

“ಸಾರ್, ಈ ಲೆಕ್ಕಕ್ಕೆ ಏಳನೇ ಅಧ್ಯಾಯದಲ್ಲಿ ಇಂಗೇ ಅದೆ. ಕೆಳಗೆ ಸಣ್ಣಕ್ಷರದಲ್ಲಿ ಬರ್ದವ್ರೆ, ನೋಡಿ ಸಾರ್.”

ನೋಡಲಿಲ್ಲ. ಪಟ್ಟಿಯನ್ನು ತಿರುಗಿಸಿ ಬರೆಸಿದೆ.

ಪ್ರಾಜೆಕ್ಟ್ ಮಂಡಿಸುವ ದಿನ ತೋಟದವರನ್ನೂ ಕರೆದಿದ್ದೆವು. ನೀರಿಗೂ ಹೂವಿಗೂ ಇರುವ ಸಂಬಂಧ ಕಾಣಬೇಕಾದ ಪರದೆಯ ಮೇಲೆ ತೋಟಕ್ಕೂ ತೋಟಕ್ಕೂ ಇರುವ ಸಂಬಂಧ ಮೂಡಿತು. ಹಿಂದಿನ ಬೆಂಚಿನಿಂದ ಬೆಳೆಗಾರ ಚಿಕ್ಕಮಾದಯ್ಯ ಎದ್ದರು.

“ಅಲ್ಲ ಕಣಮ್ಮಿ, ಎಷ್ಟು ನೀರು ಬುಟ್ರೆ ಎಷ್ಟು ಹೂವ ಅಂತ ಕೇಳನ ಅಂತ ಬಂದ್ರೆ, ನಂಗೂ ದೊಡ್ಡಮಾದಯ್ಯಂಗೂ ಏನ್ ಸಂಬಂಧ ಅಂತ ಏಳ್ತಿದ್ದೀಯಲ್ಲ! ನಾವು ಮಾತು ಬುಟ್ಟು ಆರ್ ವರ್ಸ ಆಯ್ತು!”

ಸಭೆ ಬಿದ್ದು ಬಿದ್ದು ನಕ್ಕಿತು. ಮಾನಸ ತಲೆ ತಗ್ಗಿಸಿದಳು. ತಿರುಗಿಸಿದವನು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟೇ ಆಗಿದ್ದರೆ ಹೇಡಿ ಎನ್ನಬಹುದಿತ್ತು. ಅವಳಿಗೆ ಇಪ್ಪತ್ತೈದಕ್ಕೆ ಒಂಬತ್ತೇ ಅಂಕ ಹಾಕಿದೆ. ಮರುದಿನ ಮಾನಸ ಸ್ಟಾಫ್ ರೂಮಿಗೆ ಬಂದು, “ಎಂಎಸ್ಸಿಗೆ ಅರ್ಜಿ ಹಾಕಲ್ಲ ಸಾರ್, ಈ ಸಬ್ಜೆಕ್ಟು ನಂಗೆ ಬರಲ್ಲ ಬುಡಿ” ಎಂದಳು. ಅವಳು ಹೋದ ಮೇಲೆ ಆ ಸಣ್ಣಕ್ಷರ ಓದಿದೆ: ‘ಇಲ್ಲಿ ಮಾದರಿಗಳು ಕಂಬಸಾಲಿನಲ್ಲಿ.’ ಅವಳು ಬರೆದದ್ದೇ ಸರಿ.

ಮಾನ್ಯರೇ, ನೀವು ಮುಚ್ಚಿಟ್ಟದ್ದು ಅರ್ಧ ಸಾಲು. ನಾನು ಮುಚ್ಚಿಸಿದ್ದು ಅದನ್ನು ತೋರಿಸಿದವಳ ಬಾಯಿ. ಯಾರದು ದೊಡ್ಡ ತಪ್ಪು ಎಂದು ಅಳೆಯಲು ನಿಮ್ಮ ತಂತ್ರಾಂಶ ಬೇಕಿಲ್ಲ. ಆದರೂ ನಿಮ್ಮ ಪಾಲಿನದನ್ನು ತಿದ್ದಿ. ತಂತ್ರಾಂಶಕ್ಕೆ ಕೊಡುವ ಪ್ರತಿ ಆದೇಶದ ವಿವರಣೆಯ ನೆತ್ತಿಯಲ್ಲೇ ಅಡ್ಡಸಾಲು ಏನು, ಕಂಬಸಾಲು ಏನು, ಎಷ್ಟಕ್ಕೆ ಎಷ್ಟು ಎಂದು ದಪ್ಪಗೆ ಅಚ್ಚು ಹಾಕಿ. ಒಂದು ಗೀರಿಗೆ ಒಂದೇ ಅರ್ಥವಿರಲಿ. ದೋಷ ತೋರಿಸಿದವರು ಎನ್ನುವಲ್ಲಿ ಮಾನಸಳ ಹೆಸರು ಹಾಕಿ.

ಅಂಕಪಟ್ಟಿಯನ್ನು ವಾಪಸ್ ತರಿಸಿಕೊಂಡಿದ್ದೇನೆ. ಸೋಮವಾರ ಅದೇ ತರಗತಿಯಲ್ಲಿ ನಿಂತು ತಪ್ಪು ನನ್ನದೆಂದು ಹೇಳುತ್ತೇನೆ. ಎಂಎಸ್ಸಿ ಅರ್ಜಿಗೆ ಆ ಶುಕ್ರವಾರ ಕೊನೆ. ಅಷ್ಟರೊಳಗೆ ನೀವೂ ಒಂದು ಮಾತು ಬರೆದರೆ, ಮೇಷ್ಟ್ರು ಸಮಾಧಾನಕ್ಕೆ ಹೇಳಿದರು ಎಂದು ಅವಳು ಅಂದುಕೊಳ್ಳಲಾರಳು.

ಇಂತಿ,
ಸೋಮವಾರದ ಮೊದಲ ಗಂಟೆಗೆ ಹೆದರಿ ಕೂತಿರುವ
ಒಬ್ಬ ಸಂಖ್ಯಾಶಾಸ್ತ್ರದ ಮೇಷ್ಟ್ರು, ಗುಂಡ್ಲುಪೇಟೆ