ಲಗಮಪ್ಪನ ಸಾಕ್ಷಿ

ಯರಗಟ್ಟಿ
ತಾ. ೧೨ ಡಿಸೆಂಬರ ೧೯೦೩

ಮಗಳ ಕರೆವ್ವಾ,

ನಿನಗೂ ಅಳಿಯಂದಿರಿಗೂ ತೊಟ್ಟಿಲದಾಗಿನ ಕೂಸಿಗೂ ಅಪ್ಪನ ಆಶೀರ್ವಾದ. ರಾಮದುರ್ಗದಿಂದ ನೀ ಬರದ ಎರಡೂ ಕಾಗದ ಮುಟ್ಟಿದವು. ಉತ್ತರ ತಡಾ ಆತು, ಮನಸಿನ್ಯಾಗ ಇಟಗೋಬ್ಯಾಡ. ನಿಮ್ಮವ್ವ ಹೋಗಿ ಎರಡು ತಿಂಗಳಾಗಾಕ ಬಂತು. ಈಗ ಇಲ್ಲಿ ಪ್ಲೇಗು ಇಳದೈತಿ. ಹೊಲದಾಗಿನ ಜೋಪಡಿ ಬಿಟ್ಟು ಜನ ಮನಿಗೆ ಬರಾಕ ಹತ್ಯಾರ. ಸಾಲಿ ಬಾಗಲಾನೂ ತಗದಾರ, ಆದರ ನಾ ಒಳಗ ಹೋಗೂ ಹಂಗಿಲ್ಲ. ಯಾಕಂತ ಬ್ಯಾರೆಯವರ ಬಾಯಿಂದ ನಿನಗ ತಿಳಿಯೂಕಿಂತ ನಾನ ಬರಿಯೂದು ಚಲೋ.

ನಿಮ್ಮವ್ವಗ ಮಣ್ಣು ಕೊಟ್ಟ ದಿನ, ತಿರುಗಿ ಬರುವಾಗ ಸಂತಿ ದಾರಿಯ ಕಟ್ಟಿ ಮ್ಯಾಲೆ ಕುಂತು ನಾ ಸೆರೆ ಕುಡದೆ. ಐವತ್ತು ವರ್ಷ ಅದನ್ನ ಮುಟ್ಟದ ಬಾಯಿ ಇದು. ಪೋಲೀಸ ಸಿಪಾಯಿ ಬಂದ. ಅವನಿಗೆ ಅಕ್ಷರ ಕಲಿಸಿದಾಂವ ನಾನ. "ನಾ ಏನ ಮಾಡ್ಲಿ ಮಾಸ್ತರ, ಹಿಂದ ಫೌಜದಾರ ಸಾಹೇಬರು ಬರಾಕ ಹತ್ಯಾರ" ಅಂದು, ತಲಿ ಕೆಳಗ ಹಾಕಿ ಹೆಸರು ಬರಕೊಂಡ. ಎಂಟು ದಿನಕ್ಕ ಸಮನ್ಸ ಬಂತು. ಹಾದ್ಯಾಗ ಕುಡದದ್ದಕ್ಕ ಸವದತ್ತಿ ಕಚೇರಿಗೆ ಹಾಜರಾಗಬೇಕು.

ಅಲ್ಲಿಯ ವಕೀಲರನ್ನ ಕೇಳಿದೆ. "ಮೈ ನಡಗತಿತ್ತು, ಔಷಧ ಅಂತ ಒಂದು ಗುಟುಕು ಕೊಟ್ರು ಅನ್ರಿ. ಕೊಟ್ಟಾಂವನ್ನ ಸಾಕ್ಷಿಗೆ ಕರೀರಿ, ಬಿಡತಾರ. ತಪ್ಪು ಒಪ್ಪಿಕೊಂಡ್ರ ಮಾತ್ರ ಸಾಲಿ ನೌಕರಿ ಹೋತು ಅಂತ ತಿಳೀರಿ" ಅಂದ್ರು.

ಕೊಟ್ಟಾಂವ ಲಗಮಪ್ಪ, ಊರಾಗ ಕುಣಿ ತೋಡಾಂವ. ಓಣಿಯವರೆಲ್ಲಾ ಮನಿಗೆ ಕೀಲಿ ಹಾಕಿ ಹೋದಾಗ, ತಮ್ಮ ಕಾಡಪ್ಪನ್ನ ಕರಕೊಂಡು ಬಂದಾಂವ ಅವನೊಬ್ಬನ. "ನನ್ನ ಬ್ಯಾನಿಯವರನ್ನ ಇಡೂ ಸರಕಾರದ ಜೋಪಡಿಗೆ ಕಳಸಬ್ಯಾಡ್ರಿ" ಅಂತ ನಿಮ್ಮವ್ವ ಕೈ ಮುಗದಿದ್ಲು. ಹಂಗಾಗಿ ಬ್ಯಾನಿ ಬಂದದ್ದನ್ನ ನಾ ಚಾವಡಿಗೆ ತಿಳಿಸಿದ್ದಿಲ್ಲ. ಲಗಮಪ್ಪ ಕಟಕಟಿಯೊಳಗ ನಿಂತರ, ಅವತ್ತ ಏನ ಮಾಡಾಕ ಹೋಗಿದ್ದಿ, ಯಾರ ಹೆಣ, ಯಾರಿಗೆ ಹೇಳಿದ್ದಿ ಅಂತ ಕೇಳತಾರ. ಬ್ಯಾನಿ ಮುಚ್ಚಿಟ್ಟರು ಅಂತ ಅವನ ಮ್ಯಾಲೂ ಖಟ್ಲೆ ಆಗತೈತಿ.

ಹೋದ ತಿಂಗಳ ಕಡೀ ಗುರುವಾರ ಸವದತ್ತಿಗೆ ಹೋದೆ. ನಾ ಹೇಳಿ ಕಳಸದಿದ್ರೂ ಅವ ಕಚೇರಿ ಮುಂದ ಗಿಡದ ಕೆಳಗ ಕುಂತಿದ್ದ. ನಡಕೋತ ಬಂದಿದ್ದ.

"ನಾ ಹೇಳತೇನ್ರಿ ಮಾಸ್ತರ. ಕುಡಿಸಿದಾಂವ ನಾನ."

"ನಿನ್ನನ್ನೂ ಒಳಗ ಹಾಕತಾರೋ ಲಗಮಪ್ಪ."

"ಹಾಕಲಿ ಬಿಡ್ರಿ. ನಿಮ್ಮ ಸಾಲಿ ಉಳೀತೈತಲ್ಲ."

"ನಿನ್ನ ಹಿಂದ ಮನ್ಯಾಗ ದುಡಿಯಾವರು ಯಾರದಾರ?"

ಅವ ರುಮಾಲ ಬಿಚ್ಚಿ ಮತ್ತ ಸುತ್ತಿಕೊಂಡ. ನಾ ಒಳಗ ಹೋದೆ. "ತಪ್ಪು ಒಪ್ಪತೀರೇನು?" ಅಂದ್ರು ಮಾಮಲೇದಾರರು. ಒಪ್ಪತೇನಿ ಅಂದೆ. ಯಾಕ ಕುಡದ್ರಿ ಅಂತ ಅವರು ಕೇಳಲಿಲ್ಲ. ದಂಡ ಹಾಕಿ ಬಿಟ್ರು. ಮೊನ್ನಿ ಸಾಲಿ ಇಲಾಖೆಯ ಹುಕುಂ ಬಂತು. ಹಾಜರಿ ಪುಸ್ತಕ, ಗಂಟಿ, ಕೀಲಿ ಎಲ್ಲಾ ಹೊಸ ಮಾಸ್ತರಗ ಒಪ್ಪಿಸಿದೆ. ಈಗ ಹೊತ್ತ ಹೊಂಟರ ಎಲ್ಲಿ ಹೋಗಬೇಕು ತಿಳೀವಲ್ದು. ಅಂಗಳದಾಗ ಕುಂದರತೇನಿ.

ನೀ ತಣ್ಣೀರಾಗ ಕೈ ಇಡಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು. ಕೂಸಿಗೆ ಬಾಯವ್ವ ಅಂತ ಅಜ್ಜಿ ಹೆಸರ ಇಡತೇವಿ ಅಂತ ಬರದೀರಿ, ಇಡ್ರಿ. ಅದರ ಬಾಳು ತಣ್ಣಗಿರಲಿ.

ನಿನ್ನ ಅಪ್ಪ,
ನಿಜಗುಣಪ್ಪ

ತಾ.ಕ.: ಲಗಮಪ್ಪನ್ನ ಉಳಸಾಕ ಅಷ್ಟ ಒಪ್ಪಿಕೊಂಡೆ ಅಂತ ತಿಳೀಬ್ಯಾಡ ಮಗಳ. ಅವ ಬಾಯಿ ತಗದರ ಇದೂ ಹೊರಗ ಬರತಿತ್ತು. ಅವ್ವನ್ನ ನಾನ ಎತ್ತಿ ಕುಣಿಯೊಳಗ ಕುಂದರಿಸಿದೆ ಅಂತ ನಿನಗ ಬರದಿದ್ದೆ. ಸುಳ್ಳು. ಎತ್ತಿದವರು, ಸೆರಗು ಸರಿ ಮಾಡಿದವರು ಆ ಅಣ್ಣತಮ್ಮರು. ಬ್ಯಾನಿ ಅಂಜಿಕಿಗೆ ನಾ ದೂರ ನಿಂತಿದ್ದೆ. "ಒಂದ ಹಿಡಿ ಮಣ್ಣರ ಹಾಕ್ರಿ ಮಾಸ್ತರ" ಅಂದ್ರು, ಕಾಲು ಬರಲಿಲ್ಲ. ಅದರ ಹಿಂದಿನ ದಿನ ಅಕಿ ನೀರು ಕೇಳಿದಾಗ ತಂಬಿಗಿ ಹೊಸ್ತಿಲದಾಗ ಇಟ್ಟು ನಾ ಹಿಂದ ಸರದೆ. ಅಕಿ ಕೈಗೆ ಅದು ಎಟಕಲಿಲ್ಲ.